ಪೇಶ್ಗಿ ಪಡೆದವನು ನಡುವೆ ಎದ್ದು ಹೋಗಬಹುದೇ?

"ಪೇಶ್ಗಿ ತಿಂದ, ಓಡಿಹೋದ." ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಘಟಕಗಳಲ್ಲಿ ಈ ದೂರು ಹಳೆಯದು. ನಾವು ಮನೆಯಲ್ಲಾಡುವ ಉರ್ದುವಿನಲ್ಲಿ ಮುಂಗಡ ಹಣಕ್ಕೆ ಪೇಶ್ಗಿ ಎನ್ನುತ್ತೇವೆ. ದುಡ್ಡು ಒಂದೇ, ಮಾಲೀಕನ ಕೈಯಿಂದ ಹೊರಟಾಗ ಅದು 'ಕೊಟ್ಟದ್ದು', ಕೆಲಸಗಾರನ ಕೈ ಸೇರಿದೊಡನೆ 'ತಿಂದದ್ದು'. ಕಥೆ ಬರೆಯುವವನಾದ್ದರಿಂದಲೋ ಏನೋ, ನನಗೆ ಈ ಕ್ರಿಯಾಪದದ ಮೇಲೆ ಗುಮಾನಿ. ವಿಚಾರಣೆಗೆ ಮೊದಲೇ ಅದು ತೀರ್ಪು ಕೊಟ್ಟುಬಿಡುತ್ತದೆ. ಇಷ್ಟು ದಿನ ದುಡಿಯುತ್ತೇನೆಂದು ಒಪ್ಪಿ ಮುಂಗಡ ಪಡೆದವನು ಅವಧಿಗೆ ಮುಂಚೆ ಕೆಲಸ ಬಿಡಬಹುದೇ ಎಂಬ ಪ್ರಶ್ನೆಯನ್ನು ಆ ಪದದ ಹೊರಗೆ ನಿಂತು ಕೇಳಿಕೊಳ್ಳಬೇಕಾಗಿದೆ.

ಮಾಲೀಕನ ಕಷ್ಟ ಸುಳ್ಳಲ್ಲ. ರೇಷ್ಮೆ ಗೂಡು ಗೋದಾಮಿನಲ್ಲಿಟ್ಟು ಕಾಯಬಹುದಾದ ಸರಕಲ್ಲ. ಹುಳು ಗೂಡು ಕಟ್ಟಿದ ಹತ್ತು-ಹನ್ನೆರಡು ದಿನಗಳಲ್ಲಿ ಪತಂಗವಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಒಂದೇ ಸಮನೆ ಬಿಚ್ಚಿಕೊಳ್ಳುವುದಿಲ್ಲ. ಮಾರುಕಟ್ಟೆಯ ಹರಾಜಿನಲ್ಲಿ ಹಣ ಸುರಿದು ತಂದ ಗೂಡನ್ನು ಶಾಖ ಕೊಟ್ಟು ಒಣಗಿಸಿ ಕೆಲ ಕಾಲ ಉಳಿಸಬಹುದು, ನಿಜ. ಆದರೆ ಒಮ್ಮೆ ಕುದಿಯುವ ನೀರಿಗೆ ಹಾಕಿದ ಮೇಲೆ ಬಿಚ್ಚಲೇಬೇಕು. ಆಗ ಬೇಸಿನ್ ಮುಂದೆ ಕೂರುವ ಕೈ ಇಲ್ಲದಿದ್ದರೆ ನಷ್ಟ. ನಮ್ಮೂರಿನ ಬಿಚ್ಚಾಣಿಕೆದಾರರಲ್ಲಿ ಬಹಳ ಮಂದಿ ಮುಸ್ಲಿಮರು. ಅವರಲ್ಲಿ ಎಲ್ಲರೂ ಸಾಹುಕಾರರಲ್ಲ. ನಾಲ್ಕು ಬೇಸಿನ್ ಇಟ್ಟುಕೊಂಡು, ಗೂಡು ಕೊಳ್ಳಲು ತಾನೇ ಸಾಲ ಮಾಡುವವನೂ 'ಸೇಠ್' ಎಂದೇ ಕರೆಸಿಕೊಳ್ಳುತ್ತಾನೆ.

ಇನ್ನು ಈ ಕಡೆ. ಮುಂಗಡ ಪಡೆಯುವುದು ಮಗಳ ನಿಕಾಹ್‌ಗೆ, ಹೆಂಡತಿಯ ಆಪರೇಷನ್‌ಗೆ, ಬಾಡಿಗೆ ಮನೆಯ ಠೇವಣಿಗೆ. ಬ್ಯಾಂಕು ಇವನನ್ನು ಮೆಟ್ಟಿಲು ಹತ್ತಿಸಿಕೊಳ್ಳುವುದಿಲ್ಲ. ವಾರದ ಬಟವಾಡೆಯಲ್ಲಿ ಸಾಲ ಮುರಿದುಕೊಂಡರೆ ಒಲೆ ಹೊತ್ತುವುದಿಲ್ಲ. ಮುರಿದುಕೊಳ್ಳದಿದ್ದರೆ ಸಾಲ ಹಾಗೇ ನಿಲ್ಲುತ್ತದೆ. ಹಬ್ಬ ಬಂದಾಗ ಅದರ ಮೇಲೊಂದಿಷ್ಟು. ಸಾಲ ತೀರುವವರೆಗೆ ಬೇರೆಡೆ ಹೋಗುವಂತಿಲ್ಲ, ಹೋಗಬೇಕಾದರೆ ಹೊಸ ಮಾಲೀಕ ಹಳೆಯವನ ಲೆಕ್ಕ ಚುಕ್ತಾ ಮಾಡಬೇಕು. ಅಂದರೆ ಸಾಲದ ಜೊತೆ ಆಳೂ ಕೈ ಬದಲಾಯಿಸುತ್ತಾನೆ. ದೊಡ್ಡವರಷ್ಟೇ ಅಲ್ಲ. ತಂದೆತಾಯಿ ಪಡೆದ ಮುಂಗಡಕ್ಕೆ ಮಕ್ಕಳು ರೇಷ್ಮೆ ಕೆಲಸದಲ್ಲಿ ಕಟ್ಟುಬಿದ್ದಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ತನ್ನ ವರದಿಯಲ್ಲಿ ದಾಖಲಿಸಿತು; ಅದರಲ್ಲಿ ಕರ್ನಾಟಕದ ಅಧ್ಯಾಯವೂ ಇತ್ತು. ಆ ಮಗು ಯಾವ ಕರಾರಿಗೆ ಒಪ್ಪಿತ್ತು?

ಕಾನೂನು ಈ ವಿಷಯದಲ್ಲಿ ನಡೆದು ಬಂದ ದಾರಿ ಗಮನಾರ್ಹ. ಬ್ರಿಟಿಷ್ ಭಾರತದಲ್ಲಿ 1859ರ ಕಾಯ್ದೆಯೊಂದಿತ್ತು: ಮುಂಗಡ ಪಡೆದು ಸಕಾರಣವಿಲ್ಲದೆ ಕೆಲಸ ಬಿಟ್ಟ ಕಾರ್ಮಿಕನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ಹಿಂತಿರುಗಿಸು, ಇಲ್ಲವೇ ಕೆಲಸ ಮುಗಿಸು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಮಾತಿಗೆ ತಪ್ಪಿದ ವ್ಯಾಪಾರಿಗೆ ಸಿವಿಲ್ ದಾವೆ, ಮಾತಿಗೆ ತಪ್ಪಿದ ಕೂಲಿಗೆ ಸೆರೆಮನೆ! ಇದನ್ನು ತೆಗೆದುಹಾಕಲು 1925ರವರೆಗೆ ಕಾಯಬೇಕಾಯಿತು. 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆ ಇನ್ನೂ ಮುಂದೆ ಹೋಗಿ, ಮುಂಗಡದ ಕಾರಣಕ್ಕೆ ಮನುಷ್ಯ ಬೇರೆಡೆ ದುಡಿಯುವ ಅಥವಾ ಓಡಾಡುವ ಸ್ವಾತಂತ್ರ್ಯ ಕಳೆದುಕೊಂಡಿದ್ದರೆ ಆ ಸಾಲವೇ ಇಲ್ಲವೆಂದಿತು. ಮಾಮೂಲಿ ಕರಾರಿನಲ್ಲೂ ಅಷ್ಟೆ, ಸ್ವಂತ ದುಡಿಮೆಯನ್ನು ಒಪ್ಪಿಕೊಂಡವನನ್ನು ಎಳೆದು ತಂದು ದುಡಿಸುವಂತೆ ನ್ಯಾಯಾಲಯ ಹೇಳುವುದಿಲ್ಲ, ನಷ್ಟ ಕಟ್ಟಿಸಿಕೊಡಬಹುದು.

ಇಲ್ಲಿ ಧರ್ಮದ ಮಾತೂ ಬರುತ್ತದೆ. ಕರಾರುಗಳನ್ನು ಈಡೇರಿಸಬೇಕೆಂಬ ಆಜ್ಞೆಯಿಂದಲೇ ಕುರ್‌ಆನಿನ ಅಲ್ ಮಾಇದಾ ಅಧ್ಯಾಯ ಆರಂಭವಾಗುತ್ತದೆ. ಮಾಲೀಕರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಸಾಲಗಾರ ಸಂಕಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಯಿರಿ, ಬಿಟ್ಟುಕೊಟ್ಟರೆ ಇನ್ನೂ ಒಳಿತು ಎಂಬ ಅಲ್ ಬಕರಾದ ಮಾತು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಓದುವವನಿಗೆ ನನಗೆ ಕಂಡದ್ದೇ ಕಾಣಬಹುದು: ಬಿಟ್ಟು ಹೋಗಲು ಸಾಧ್ಯವಿರುವವನು ಮಾತ್ರ ಉಳಿಯುತ್ತೇನೆಂದು ಮಾತು ಕೊಡಬಲ್ಲ. ಬಾಗಿಲಿಗೆ ಬೀಗ ಜಡಿದು ಒಳಗಿರುವವನಿಂದ 'ವಾದಾ' ಕೇಳುವುದು ಎಂಥ ನ್ಯಾಯ? ಹಾಗಾಗಿ ಆ ಬೇಸಿನ್ ಮುಂದಿನಿಂದ ಎದ್ದು ಹೋದವನನ್ನು ವಚನಭ್ರಷ್ಟ ಎನ್ನಲು ನಾನು ಸಿದ್ಧನಿಲ್ಲ.

ಆದರೆ ಇದೇ ರಿಯಾಯಿತಿಯನ್ನು ಎಲ್ಲರಿಗೂ ಹಂಚಲಾರೆ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟದ ಫಸಲಿಗೆ ಮುಂಗಡ ಕೊಟ್ಟು ಮಾತಾಡಿಕೊಂಡ ವ್ಯಾಪಾರಿ, ದರ ಬಿದ್ದೊಡನೆ ತೋಟದ ಕಡೆ ತಲೆ ಹಾಕದಿದ್ದರೆ ಅವನು ಬಿಟ್ಟು ಹೋದದ್ದು ಹಸಿವಿನಿಂದಲ್ಲ. ಬಳ್ಳಿಯಲ್ಲಿ ಹಣ್ಣು ಕೊಳೆಯುವುದು ರೈತನದು. ಆತ ಮುಂಗಡ ಕಳೆದುಕೊಂಡೆನೆಂದು ಹೇಳಿಕೊಂಡರೆ ಲೆಕ್ಕ ಸರಿಹೋಗದು.

ಗೌರಿಬಿದನೂರಿನಿಂದಲೋ ಚಿಂತಾಮಣಿಯಿಂದಲೋ ಬೆಂಗಳೂರಿಗೆ ಹೋಗಿ ಆರು ತಿಂಗಳ ಕಾಂಟ್ರಾಕ್ಟಿನ ಮೇಲೆ ಕಂಪ್ಯೂಟರ್ ಕೆಲಸ ಮಾಡುವ ನಮ್ಮ ಹುಡುಗರ ಪ್ರಶ್ನೆ ಇವೆರಡರ ನಡುವಿನದು. ಮೂರನೇ ತಿಂಗಳಲ್ಲಿ ಹೆಚ್ಚು ಸಂಬಳದ ಕರೆ ಬರುತ್ತದೆ, ಹೋಗಲೇ ಬೇಡವೇ? ಮೊದಲು ಕಾಗದ ಓದು ಎನ್ನುತ್ತೇನೆ. ಹದಿನೈದು ದಿನದ ನೋಟಿಸ್ ಕೊಟ್ಟು ಅವನನ್ನು ತೆಗೆಯುವ ಹಕ್ಕು ಕಂಪನಿಗಿದ್ದರೆ ಅಷ್ಟೇ ನೋಟಿಸ್ ಕೊಟ್ಟು ಹೊರಡುವುದರಲ್ಲಿ ತಪ್ಪಿಲ್ಲ. ಒಂದೇ ಕಡೆಗೆ ಬಿಗಿಯುವ ಹಗ್ಗಕ್ಕೆ ನಿಷ್ಠೆಯೆಂಬ ದೊಡ್ಡ ಹೆಸರು ಬೇಡ. ಆದರೆ ಅರ್ಧಕ್ಕೆ ನಿಂತ ಕೆಲಸವನ್ನು ಮುಂದಿನವನ ಕೈಗೆ ತಿಳಿಯುವಂತೆ ಒಪ್ಪಿಸದೆ, ಫೋನ್ ಆಫ್ ಮಾಡಿ ಮಾಯವಾಗುವುದಿದೆಯಲ್ಲ, ಅದು ಗೂಡು ಕುದಿಯುವ ನೀರಿನಲ್ಲಿರುವಾಗ ಎದ್ದು ಹೋದ ಹಾಗೆ. ನಷ್ಟ ಕಂಪನಿಗೆ ಬರುತ್ತದೆಂದು ಅವನು ತಿಳಿದಿರುತ್ತಾನೆ. ರಾತ್ರಿಯೆಲ್ಲ ಕೂತು ಅದನ್ನು ಸರಿಪಡಿಸುವವನು ಪಕ್ಕದ ಮೇಜಿನ ಸಹೋದ್ಯೋಗಿ.

ಶಿಡ್ಲಘಟ್ಟಕ್ಕೇ ಮರಳುವುದಾದರೆ, ಮುಂಗಡವೇ ನಿಲ್ಲಲಿ ಎಂದು ಹೇಳುವುದು ಸುಲಭ. ಮರುದಿನ ಆಸ್ಪತ್ರೆಯ ಬಿಲ್ಲಿಗೆ ಯಾರ ಬಳಿ ಹೋಗಬೇಕು? ಮುಂಗಡ ಇರಲಿ, ಅದು ಬರೀ ಹಣದ ಲೆಕ್ಕವಾಗಿರಲಿ: ಎರಡು ನೋಟ್ ಪುಸ್ತಕ, ಒಂದು ಮಾಲೀಕನ ಹತ್ತಿರ, ಇನ್ನೊಂದು ಕೆಲಸಗಾರನ ಮನೆಯಲ್ಲಿ. ಕೊಟ್ಟದ್ದೆಷ್ಟು, ಮುರಿದದ್ದೆಷ್ಟು, ಕೂಲಿ ಎಷ್ಟು ಎಂದು ಎರಡರಲ್ಲೂ ಬರೆದಿರಬೇಕು. ಕೆಲಸ ಬಿಟ್ಟವನು ಬಾಕಿಯನ್ನು ಬೇರೆಡೆ ದುಡಿದೇ ತೀರಿಸುವಂತಿರಬೇಕು. ಓದಲು ಬಾರದವನಿಗೆ ಓದಿ ಹೇಳಲು ಶಾಲೆಗೆ ಹೋಗುವ ಮಗಳಿದ್ದಾಳೆ. ಆ ಎರಡನೇ ಪುಸ್ತಕ ಕೊಡಲು ನಮ್ಮ ಸೇಠ್‌ಗಳಲ್ಲಿ ಎಷ್ಟು ಜನ ತಯಾರಿದ್ದಾರೆ?