ಬದುವಿನ ಬೇವಿನ ನೆರಳು

ಇಂದಿನ ಚಿಂತನೆ.

ವರ್ಷಾವಾಸದ ಈ ದಿನಗಳಲ್ಲಿ ಶಾಲೆಗೆ ಹೋಗುವ ಮುಂಚೆ ಮುಡಬಿಯ ಹೊಲದ ದಾರಿಯಲ್ಲಿ ಸ್ವಲ್ಪ ನಡೆಯುತ್ತೇನೆ. ನಿನ್ನೆ ಮಳೆ ನಿಂತಿತ್ತು. ಚಪ್ಪಲಿಗೆ ಮೆತ್ತಿದ ಮಣ್ಣು ಒರೆಸಿ, ಬದುವಿನ ಬೇವಿನ ಗಿಡದ ಕೆಳಗೆ ಕುಳಿತು ಆನಾಪಾನಕ್ಕೆ ಕಣ್ಣು ಮುಚ್ಚಿದೆ. ಮನಸ್ಸು ತಿಳಿಯಾಗುತ್ತಿತ್ತು. ತೊಗರಿಯಲ್ಲಿ ಕಳೆ ತೆಗೆಯುತ್ತಿದ್ದ ತಾಯಿಯೊಬ್ಬರು, "ಸರ್, ಜರಾ ನೆರಳು ನಮಗೂ ಉಳಸ್ರಿ" ಎಂದು ನಕ್ಕರು.

ನಾನೂ ನಕ್ಕೆ. ಆದರೆ ಮತ್ತೆ ಕಣ್ಣು ಮುಚ್ಚಲಾಗಲಿಲ್ಲ. ನಮ್ಮವ್ವನೂ ಹೀಗೆಯೇ ಪರರ ಹೊಲದಲ್ಲಿ ಕುರ್ಪಿ ಹಿಡಿದವಳು. ಮೋಡ ಕವಿದರೆ ನನಗೆ ಚಂದ. ಅವಳಿಗೆ ಅಂದಿನ ಕೂಲಿ ಹೋಗುವ ಚಿಂತೆ. ಎಂ.ಎ.ಯಲ್ಲಿ ಎಷ್ಟೋ ಪ್ರಕೃತಿ ವರ್ಣನೆ ಓದಿದೆ. ಅವುಗಳಲ್ಲಿ ಅವ್ವ ನನಗೆ ಸಿಗಲಿಲ್ಲ.

ಬಾಲಕ ಸಿದ್ಧಾರ್ಥ ನೇರಳೆ ಮರದ ನೆರಳಲ್ಲಿ ಧ್ಯಾನಸ್ಥನಾದ ಕಥೆ ನಮಗೆಲ್ಲ ಗೊತ್ತು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಿಸಿಲನ್ನೂ ತೋರಿಸುತ್ತಾರೆ. ತಂದೆಯ ಹೊಲಕ್ಕೆ ಗೆಳೆಯರೊಡನೆ ಹೋದ ಸಿದ್ಧಾರ್ಥ, ಸುಡುಬಿಸಿಲಲ್ಲಿ ಅರೆಬಟ್ಟೆಯುಟ್ಟು ದುಡಿಯುವವರನ್ನು ಕಂಡು ಮರುಗುತ್ತಾನೆ. ಇವರ ದುಡಿಮೆಯ ಫಲ ಬೇರೊಬ್ಬರು ಉಣ್ಣುವುದು ಸರಿಯೇ ಎಂದು ಕೇಳುತ್ತಾನೆ. ಶಾಕ್ಯರ ವಪ್ಪಮಂಗಲ ಹಬ್ಬದಲ್ಲಿ ತಾನೇ ನೇಗಿಲನ್ನೂ ಹಿಡಿಯುತ್ತಾನೆ. ನಾನು ಇಷ್ಟು ವರ್ಷ ನೇರಳೆ ಮರವನ್ನಷ್ಟೇ ನೆನಪಿಟ್ಟಿದ್ದೆ, ನೋಡಿ.

ಎದ್ದು ಹೋಗಿ ಕುರ್ಪಿ ಕೇಳಿದೆ. ಬೇಡವೆಂದರೂ ಕೊಟ್ಟರು. ಒಂದು ಸಾಲು ಮುಗಿಯುವಷ್ಟರಲ್ಲಿ ಸೊಂಟ ಹಿಡಿಯಿತು. "ಸರ್, ಅದು ತೊಗರಿ, ಕಳೆ ಅಲ್ರಿ!" ಎಂದು ಎಲ್ಲರೂ ನಕ್ಕರು. ಆಮೇಲೆ ಬೇವಿನ ಕೆಳಗೆ ಸೇರಿ ನೀರು ಕುಡಿದೆವು. ಹಾಜರಿ ತೆಗೆಯುವಾಗಲೂ ಕೈಗೆ ಹಸಿಮಣ್ಣಿನ ವಾಸನೆ ಇತ್ತು.

ಜೈ ಭೀಮ್.