ಆದರ್ಶ ಅನಿಲ ಮತ್ತು ಫಲ ಕೊಡುವ ಭ್ರಮೆ

ಅನಿಲದ ಒತ್ತಡವನ್ನು ಅದರ ಗಾತ್ರದಿಂದ ಗುಣಿಸಿದರೆ ಬರುವ ಸಂಖ್ಯೆ, ಅದರಲ್ಲಿರುವ ಮೋಲ್‌ಗಳ ಸಂಖ್ಯೆ, ಕೆಲ್ವಿನ್ ಮಾನದ ತಾಪ ಮತ್ತು 8.314 ಎಂಬ ಸ್ಥಿರಾಂಕ ಇವುಗಳ ಗುಣಲಬ್ಧಕ್ಕೆ ಸಮ. ಇದೇ ಆದರ್ಶ ಅನಿಲ ನಿಯಮ. ಒತ್ತಡ, ಗಾತ್ರ, ತಾಪ, ಮೋಲ್ ಎಂಬ ನಾಲ್ಕರಲ್ಲಿ ಮೂರು ತಿಳಿದರೆ ಉಳಿದದ್ದನ್ನು ಲೆಕ್ಕ ಹಾಕಿ ಹೇಳಬಹುದು. 1662ರಲ್ಲಿ ಬಾಯ್ಲ್ ಪ್ರಕಟಿಸಿದ ಒತ್ತಡ-ಗಾತ್ರಗಳ ಸಂಬಂಧ, 1802ರಲ್ಲಿ ಗೇ-ಲುಸಾಕ್ ತೋರಿಸಿದ ತಾಪ-ಗಾತ್ರಗಳ ಸಂಬಂಧ ಇವೆರಡನ್ನೂ 1834ರಲ್ಲಿ ಕ್ಲಾಪೇರಾನ್ ಒಂದೇ ಸಮೀಕರಣಕ್ಕೆ ತಂದರು.

ಈ ಸಮೀಕರಣವನ್ನು ಚಾಚೂ ತಪ್ಪದೆ ಪಾಲಿಸುವ ಅನಿಲ ಲೋಕದಲ್ಲಿ ಒಂದೂ ಇಲ್ಲ. ಅಣುಗಳಿಗೆ ಗಾತ್ರವೇ ಇಲ್ಲ, ಅವು ಒಂದನ್ನೊಂದು ಸೆಳೆಯುವುದೂ ಇಲ್ಲ ಎಂದು ಒಪ್ಪಿಕೊಂಡರೆ ಮಾತ್ರ ಅದು ಪೂರ್ತಿ ಸರಿ. ಎರಡೂ ಸುಳ್ಳು. ಹಾಗಿದ್ದರೂ ಪ್ರಯೋಗಾಲಯಗಳಲ್ಲಿ, ಕಾರ್ಖಾನೆಗಳಲ್ಲಿ, ಹವಾಮಾನದ ಲೆಕ್ಕದಲ್ಲಿ ಅದು ದಿನವೂ ಕೆಲಸಕ್ಕೆ ಬರುತ್ತಿದೆ. ಎಲ್ಲೂ ಇಲ್ಲದ ವಸ್ತುವನ್ನು ಕುರಿತ ಮಾತು ಇರುವ ವಸ್ತುವಿನ ಜ್ಞಾನವಾಗುವುದು ಹೇಗೆ? ಪ್ರಶ್ನೆ ಭೌತಶಾಸ್ತ್ರದ್ದಲ್ಲ, ತತ್ತ್ವಶಾಸ್ತ್ರದ್ದು.

ಇದಕ್ಕೆ ಬಹಳ ಹತ್ತಿರದ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಹಿಂದೆಯೇ ಎತ್ತಿದ್ದರು. 14ನೇ ಶತಮಾನದ ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ಪಂಚದಶಿ’ಯ ಧ್ಯಾನದೀಪ ಪ್ರಕರಣ ಸಂವಾದಿ ಭ್ರಮದ ವಿಚಾರದಿಂದ ಆರಂಭವಾಗುತ್ತದೆ. ಅಲ್ಲಿ ಬರುವ ದೃಷ್ಟಾಂತ ಅದಕ್ಕೂ ಹಿಂದೆ ಬೌದ್ಧ ತಾರ್ಕಿಕ ಧರ್ಮಕೀರ್ತಿಯಲ್ಲಿದೆ. ಬಾಗಿಲ ಸಂದಿಯಿಂದ ಹೊರಬಿದ್ದ ಬೆಳಕನ್ನು ದೂರದಿಂದ ಕಂಡು, ರತ್ನವೇ ಅಲ್ಲಿದೆಯೆಂದು ಇಬ್ಬರು ಎರಡು ಕಡೆಗೆ ಓಡುತ್ತಾರೆ. ಒಬ್ಬ ಕಂಡದ್ದು ದೀಪದ ಪ್ರಭೆ, ಇನ್ನೊಬ್ಬ ಕಂಡದ್ದು ರತ್ನದ ಪ್ರಭೆ. ಪ್ರಭೆಯನ್ನೇ ರತ್ನವೆಂದು ತಿಳಿದದ್ದರಿಂದ ಇಬ್ಬರದೂ ಭ್ರಮೆಯೇ. ಆದರೂ ಎರಡನೆಯವನಿಗೆ ರತ್ನ ಸಿಗುತ್ತದೆ. ಮೊದಲನೆಯವನದು ವಿಸಂವಾದಿ ಭ್ರಮ, ಎರಡನೆಯವನದು ಸಂವಾದಿ ಭ್ರಮ. ವಿದ್ಯಾರಣ್ಯರಿಗೆ ಈ ಭೇದ ಬೇಕಾದದ್ದು ಉಪಾಸನೆಯೂ ಮುಕ್ತಿಯವರೆಗೆ ಒಯ್ಯಬಲ್ಲದು ಎಂದು ತೋರಿಸುವುದಕ್ಕೆ. ಅನಿಲಗಳ ವಿಚಾರ ಅಲ್ಲಿಲ್ಲ. ಆದರೆ ಭೇದ ಇಲ್ಲಿಗೂ ಚೆನ್ನಾಗಿ ಹೊಂದುತ್ತದೆ.

ಒಂದು ಮೋಲ್ ಇಂಗಾಲದ ಡೈಆಕ್ಸೈಡ್, ಅಂದರೆ 44 ಗ್ರಾಂ, 300 ಕೆಲ್ವಿನ್ ತಾಪದಲ್ಲಿ ಸುಮಾರು 25 ಲೀಟರ್ ಜಾಗದಲ್ಲಿದೆ ಎನ್ನೋಣ. ಆಗ ನಿಯಮ ಕೊಡುವ ಒತ್ತಡ ಒಂದು ಬಾರ್‌ಗೆ ಹತ್ತಿರ. ಅಣುಗಳ ಗಾತ್ರವನ್ನೂ ಸೆಳೆತವನ್ನೂ ಗಣನೆಗೆ ತಂದುಕೊಂಡ ವಾನ್ ಡರ್ ವಾಲ್ಸ್ ಸಮೀಕರಣದ ಉತ್ತರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಶೇಕಡಾ ಅರ್ಧಕ್ಕಿಂತ ಕಡಿಮೆ. ಅದೇ ಅನಿಲವನ್ನು ಒಂದು ಲೀಟರಿಗೆ ಒತ್ತಿದರೆ ಆದರ್ಶ ನಿಯಮ 24.9 ಬಾರ್ ಎನ್ನುತ್ತದೆ, 1873ರ ಆ ಸಮೀಕರಣ 22.4 ಎನ್ನುತ್ತದೆ. ಅಂತರ ಶೇಕಡಾ ಹತ್ತಕ್ಕೆ ಏರಿತು. ಇನ್ನು ಅಡುಗೆಮನೆಯ ಸಿಲಿಂಡರ್. 33.3 ಲೀಟರ್ ಪಾತ್ರೆಯಲ್ಲಿ 14.2 ಕಿಲೋ ಅನಿಲವಿದೆ. ಮೋಲಿಗೆ ಸರಾಸರಿ 50 ಗ್ರಾಂ ಎಂದುಕೊಂಡರೆ 284 ಮೋಲ್. ಸೂತ್ರಕ್ಕೆ ಹಾಕಿದರೆ ಬರುವ ಒತ್ತಡ ವಾತಾವರಣದ 200 ಪಟ್ಟಿಗೂ ಹೆಚ್ಚು. ನಿಜವಾದದ್ದು ಹತ್ತು ಪಟ್ಟನ್ನೂ ದಾಟದು, ಏಕೆಂದರೆ ಒಳಗಿರುವುದರಲ್ಲಿ ಬಹುಪಾಲು ದ್ರವ. ಸೂತ್ರವೂ ಅದೇ, ಅದರ ಹಿಂದಿನ ಸುಳ್ಳೂ ಅದೇ. ಇಲ್ಲಿ ಮಾತ್ರ ಓಡಿದವನಿಗೆ ಸಿಕ್ಕಿದ್ದು ದೀಪ.

ಫಲ ಕೊಟ್ಟರೆ ಸಾಕು, ನಿಯಮ ಬರೀ ಉಪಕರಣ ಎಂಬ ವಾದ ಹಳೆಯದು. ಅಣುಗಳನ್ನೇ ಒಪ್ಪದಿದ್ದ ಅರ್ನ್ಸ್ಟ್ ಮಾಖ್ ವಿಜ್ಞಾನದ ನಿಯಮಗಳನ್ನು ಅನುಭವದ ಮಿತವ್ಯಯದ ಸಂಗ್ರಹವೆಂದೇ ಕಂಡರು. ನ್ಯಾನ್ಸಿ ಕಾರ್ಟ್‌ರೈಟ್ 1983ರ ತಮ್ಮ ಪುಸ್ತಕದಲ್ಲಿ ಭೌತಶಾಸ್ತ್ರದ ಮೂಲ ನಿಯಮಗಳು ವಾಸ್ತವವನ್ನು ಇದ್ದಂತೆ ಹೇಳುವುದಿಲ್ಲ ಎಂದೇ ವಾದಿಸಿದರು. ಈ ವಾದಗಳಲ್ಲಿ ಹುರುಳಿದೆ, ಆದರೆ ಅವು ಒಂದು ಮುಖ್ಯ ಸಂಗತಿಯನ್ನು ವಿವರಿಸದೆ ಬಿಡುತ್ತವೆ. ಸೂತ್ರ ಎಲ್ಲಿ ಸೋಲುತ್ತದೆ, ಎಷ್ಟು ಸೋಲುತ್ತದೆ ಎಂಬುದು ಆಕಸ್ಮಿಕವಲ್ಲ. ಸಾಧಾರಣ ಒತ್ತಡ ಮತ್ತು ತಾಪದಲ್ಲಿ ಸಾರಜನಕದ ಅಣುಗಳ ನಡುವಿನ ಸರಾಸರಿ ದೂರ ಅಣುವಿನ ವ್ಯಾಸದ ಸುಮಾರು ಹತ್ತು ಪಟ್ಟು. ಹಾಗಾಗಿ ಒಟ್ಟು ಜಾಗದಲ್ಲಿ ಅಣುಗಳ ಪಾಲು ಸಾವಿರಕ್ಕೆ ಒಂದರ ಆಸುಪಾಸು. ಅದನ್ನು ಸೊನ್ನೆ ಎಂದುಕೊಂಡರೆ ಆಗುವ ನಷ್ಟ ಅಲ್ಪ. ಒತ್ತಡ ಇಳಿದಂತೆ ನಷ್ಟವೂ ಇಳಿಯುತ್ತದೆ. ಹೀಲಿಯಂ, ಆರ್ಗಾನ್, ಜಲಜನಕ ಯಾವುದನ್ನೇ ತೆಗೆದುಕೊಂಡರೂ ಸೊನ್ನೆ ಒತ್ತಡದತ್ತ ಸಾಗಿದಾಗ ಎಲ್ಲವೂ ಒಂದೇ ಸ್ಥಿರಾಂಕಕ್ಕೆ ಬಂದು ಸೇರುತ್ತವೆ. ಬರೀ ಕಟ್ಟುಕಥೆಯಾಗಿದ್ದರೆ ಇಷ್ಟು ಬೇರೆಬೇರೆ ವಸ್ತುಗಳು ಒಂದೇ ಸಂಖ್ಯೆಯಲ್ಲಿ ಒಮ್ಮತಕ್ಕೆ ಬರುವ ಕಾರಣವಿರಲಿಲ್ಲ. ರತ್ನದ ಪ್ರಭೆ ಓಡಿದವನನ್ನು ರತ್ನಕ್ಕೆ ಮುಟ್ಟಿಸುವುದು ಅದು ರತ್ನದಿಂದಲೇ ಹೊರಟದ್ದರಿಂದ. ಫಲ ಸಿಕ್ಕಿತೆಂಬುದು ಜ್ಞಾನದ ಗುರುತು ಮಾತ್ರ. ಫಲಕ್ಕೆ ಕಾರಣವಾದ ನಂಟು ವಸ್ತುವಿನಲ್ಲೇ ಇದೆ.

ದೃಷ್ಟಾಂತ ಒಂದು ಕಡೆ ನಿಲ್ಲುತ್ತದೆ. ರತ್ನ ಕೈಗೆ ಬಂದವನಿಗೆ ಪ್ರಭೆಯ ಹಂಗಿಲ್ಲ. ಭೌತಶಾಸ್ತ್ರದಲ್ಲಿ ಹಾಗಿಲ್ಲ. ವಾನ್ ಡರ್ ವಾಲ್ಸ್ ಸಮೀಕರಣವೂ ಒಂದು ಸರಳೀಕರಣವೇ, ಅದರ ಮುಂದಿನವೂ ಅಷ್ಟೇ. ಉತ್ತಮ ಸಮೀಕರಣ ಬಂದಿತೆಂದು ಆದರ್ಶ ಅನಿಲವನ್ನು ಕೈಬಿಡಲೂ ಆಗಿಲ್ಲ, ಏಕೆಂದರೆ ನೈಜ ಅನಿಲ ಎಷ್ಟು ದಾರಿ ತಪ್ಪಿದೆ ಎಂದು ಅಳೆಯುವುದೇ ಅದರಿಂದ. 2019ರ ಮೇ 20ರಂದು ಕೆಲ್ವಿನ್‌ನ ಹೊಸ ವ್ಯಾಖ್ಯೆ ಜಾರಿಗೆ ಬಂದು, ಬೋಲ್ಟ್ಸ್‌ಮನ್ ಸ್ಥಿರಾಂಕದ, ಅಂದರೆ ಅನಿಲ ನಿಯಮದ ಸ್ಥಿರಾಂಕವನ್ನೇ ಮೋಲಿನ ಬದಲು ಒಂದು ಅಣುವಿನ ಲೆಕ್ಕಕ್ಕೆ ಇಳಿಸಿದಾಗ ಬರುವ ಸಂಖ್ಯೆಯ, ಬೆಲೆಯನ್ನು ನಿಗದಿ ಮಾಡಲಾಯಿತು. ಆ ಬೆಲೆಗೆ ಆಧಾರವಾದ ಅತಿ ನಿಖರ ಅಳತೆಗಳಲ್ಲಿ ಮುಖ್ಯವಾದವು ಲೋಹದ ಗೋಳಗಳೊಳಗೆ ಆರ್ಗಾನ್ ಅಥವಾ ಹೀಲಿಯಂ ತುಂಬಿ ಶಬ್ದದ ವೇಗವನ್ನು ಅಳೆದ ಪ್ರಯೋಗಗಳು. ಬೇರೆಬೇರೆ ಒತ್ತಡಗಳಲ್ಲಿ ಸಿಕ್ಕ ಫಲಿತಾಂಶಗಳ ಗೆರೆಯನ್ನು ಸೊನ್ನೆ ಒತ್ತಡದವರೆಗೆ ಎಳೆದು, ಯಾವ ಅನಿಲವೂ ತಲುಪದ ಆ ಬಿಂದುವಿನಲ್ಲಿ ಸ್ಥಿರಾಂಕವನ್ನು ಓದಲಾಯಿತು.