ಪುನಃಶ್ರವಣದ ಧರ್ಮ

ಒಂದು ಕಾಲದಲ್ಲಿ ಹೊಸದೆಂಬ ಕಾರಣದಿಂದ ನಿಂದೆಗೆ ಗುರಿಯಾದ ವಸ್ತುವು ಅರ್ಧ ಶತಮಾನ ಕಳೆದ ಮೇಲೆ ಹಳೆಯದೆಂಬ ಕಾರಣದಿಂದಲೇ ಸ್ತುತಿಗೆ ಪಾತ್ರವಾಗುವುದುಂಟು. ನಿಂದಿಸಿದವರೂ ಸ್ತುತಿಸುವವರೂ ವಸ್ತುವನ್ನು ನೋಡಿದರೋ ಅದರ ವಯಸ್ಸನ್ನು ಮಾತ್ರ ನೋಡಿದರೋ ಎಂಬುದು ವಿಚಾರಿಸತಕ್ಕ ಪ್ರಶ್ನೆ. ಕಾಳಿದಾಸನು ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಈ ಪ್ರಶ್ನೆಯನ್ನು ಹೊಸ ನಾಟಕದ ಪರವಾಗಿ ಎತ್ತಿದನು. ಅಂದಿನ ಹೊಸದೇ ಇಂದು ಹಳೆಯದಾಗಿರುವಾಗ ಪರೀಕ್ಷೆಯು ಹೇಗೆ ನಡೆಯಬೇಕು? ಒಂದು ದೃಷ್ಟಾಂತದಿಂದ ಇದನ್ನು ವಿಚಾರ ಮಾಡೋಣ.

1968ರಲ್ಲಿ ‘ವಂಡರ್‌ವಾಲ್ ಮ್ಯೂಸಿಕ್’ ಎಂಬ ಧ್ವನಿಮುದ್ರಿಕೆಯು ಹೊರಬಂದಿತು. ಜೋ ಮಸಾಟ್ ಎಂಬುವರು ನಿರ್ದೇಶಿಸಿದ ಚಲಚ್ಚಿತ್ರವೊಂದಕ್ಕಾಗಿ ಬೀಟಲ್ಸ್ ವಾದ್ಯಗೋಷ್ಠಿಯ ಜಾರ್ಜ್ ಹ್ಯಾರಿಸನ್ ಅವರು ಒಬ್ಬರೇ ನಿಂತು ರಚಿಸಿದ ಸಂಗೀತವಿದು. ಅದರ ಕೆಲವು ಭಾಗಗಳು ಲಂಡನ್ನಿನಲ್ಲಿಯೂ, ಕೆಲವು ಅದೇ ವರ್ಷದ ಜನವರಿಯಲ್ಲಿ ಮುಂಬಯಿಯಲ್ಲಿಯೂ ಮುದ್ರಿತವಾದುವು. ಆಶೀಷ್ ಖಾನರ ಸರೋದು, ಶಿವಕುಮಾರ ಶರ್ಮರ ಸಂತೂರು ಮುಂತಾದುವು ಅದರಲ್ಲಿ ಕೇಳಿಬರುತ್ತವೆ. ಸೂಕ್ಷ್ಮದರ್ಶಕದಲ್ಲಿಯೇ ಮುಳುಗಿದ್ದ ವೃದ್ಧ ವಿದ್ವಾಂಸನೊಬ್ಬನು ಗೋಡೆಯ ರಂಧ್ರದಿಂದ ನೆರೆಮನೆಯ ತರುಣಿಯ ಬಣ್ಣಬಣ್ಣದ ಬಾಳನ್ನು ಇಣಿಕಿ ನೋಡುವುದೇ ಚಿತ್ರದ ಕಥೆ. ಮಾದಕದ್ರವ್ಯದಿಂದುಂಟಾಗುವ ಚಿತ್ತವಿಭ್ರಮವನ್ನು ನಾದದಲ್ಲಿಯೂ ವರ್ಣದಲ್ಲಿಯೂ ತೋರಿಸಹೊರಟ, ಸೈಕೆಡೆಲಿಕ್ ಎಂದು ಕರೆಯಲ್ಪಟ್ಟ ಆ ದಶಕದ ಸಂಪ್ರದಾಯಕ್ಕೆ ಇದು ಸೇರಿದುದು.

ನಮ್ಮ ಬಡಾವಣೆಯು ವಿದ್ಯಾರಣ್ಯರ ಹೆಸರನ್ನು ಹೊತ್ತಿದೆ. ಅವರದೆಂದು ಪರಂಪರೆಯು ಎಣಿಸಿಕೊಂಡು ಬಂದಿರುವ ಸರ್ವದರ್ಶನಸಂಗ್ರಹವು ಚಾರ್ವಾಕಮತದಿಂದ ಆರಂಭವಾಗುತ್ತದೆ. ಒಪ್ಪದ ಮತವನ್ನೂ ಮೊದಲು ಅದರ ಬಾಯಿಂದಲೇ ಹೇಳಿಸಿ ಅನಂತರ ಖಂಡಿಸುವುದು ಅಲ್ಲಿಯ ಕ್ರಮ. ಆ ಕ್ರಮವನ್ನೇ ಹಿಡಿದು ಆಕ್ಷೇಪಗಳನ್ನು ಮೊದಲು ಹೇಳುವೆವು. ಮೊದಲನೆಯದು: ರಾಗಕ್ಕೆ ಆಲಾಪನೆಯೇ ಪ್ರಾಣ; ಇಲ್ಲಿ ಹತ್ತೊಂಬತ್ತು ತುಣುಕುಗಳಿದ್ದು, ಹಲವು ಎರಡು ನಿಮಿಷವೂ ನಿಲ್ಲುವುದಿಲ್ಲ. ಎರಡನೆಯದು: ಉಪಾಸನೆಯ ಸಾಧನವಾದ ನಾದವನ್ನು ಅಮಲಿನ ಚಿತ್ರಣಕ್ಕೆ ಬಳಸುವುದು ಅಪಚಾರ. ಮೂರನೆಯದು: ಸಾಧನೆಯಿಲ್ಲದವನು ಪರರ ಸೊತ್ತನ್ನು ಎರವಲು ತಂದು ಮೆರೆದನು.

ಮೊದಲನೆಯ ಆಕ್ಷೇಪಕ್ಕೆ ಸಮಾಧಾನವು ಸುಲಭ. ಹ್ಯಾರಿಸನ್ ಅವರು ಚಿತ್ರದ ದೃಶ್ಯಗಳ ಕಾಲವನ್ನು ಗಡಿಯಾರ ಹಿಡಿದು ಅಳೆದುಕೊಂಡು, ಆ ಅಳತೆಗೆ ತಕ್ಕಂತೆ ನುಡಿಸಿಸಿದರು. ನಾಟಕದ ಧ್ರುವಾಗಾನವನ್ನು ಸಭೆಯ ಕಚೇರಿಯ ಅಳತೆಯಿಂದ ಅಳೆಯಲಾಗದಷ್ಟೆ. ಕ್ಷೇಮೇಂದ್ರನು ಕಾವ್ಯದ ಜೀವವೆಂದ ಔಚಿತ್ಯವು ಪ್ರಯೋಜನವನ್ನು ನೋಡುತ್ತದೆ, ಉದ್ದವನ್ನಲ್ಲ.

ಎರಡನೆಯದಕ್ಕೂ ಅಲಂಕಾರಶಾಸ್ತ್ರದಲ್ಲಿ ಉತ್ತರವುಂಟು. ಬೀಭತ್ಸವನ್ನು ಆಸ್ವಾದಿಸಿದ ಸಾಮಾಜಿಕನು ಬೀಭತ್ಸನಾಗುವುದಿಲ್ಲ. ಭ್ರಾಂತಿಯನ್ನು ಚಿತ್ರಿಸಿದ ಸಂಗೀತವು ಕೇಳಿದವನನ್ನು ಭ್ರಾಂತನನ್ನಾಗಿ ಮಾಡಲಾರದು. ಸೇವಿಸುವುದು ಬೇರೆ, ಚಿತ್ರಿಸುವುದು ಬೇರೆ. ಮಾದಕದ್ರವ್ಯದ ದೋಷವನ್ನು ಸಂತೂರಿನ ತಂತಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಮೂರನೆಯದನ್ನು ನಿಧಾನವಾಗಿ ನೋಡಬೇಕು. ಈ ಮುದ್ರಿಕೆಯಲ್ಲಿ ‘ಗತ್ ಕೀರವಾಣಿ’ ಎಂಬ ತುಣುಕೊಂದಿದೆ. ಕೀರವಾಣಿಯು ನಮ್ಮ ಇಪ್ಪತ್ತೊಂದನೆಯ ಮೇಳ; ಹಿಂದೂಸ್ಥಾನಿ ವಾದಕರು ಅದನ್ನು ದಕ್ಷಿಣದಿಂದ ಪಡೆದರು, ಅವರಿಂದ ಲಂಡನ್ನಿನ ಗಾಯಕನು ಪಡೆದನು. ಅದರ ಸ್ವರಸೋಪಾನವಾದರೋ ಪಾಶ್ಚಾತ್ಯರ ಹಾರ್ಮೋನಿಕ್ ಮೈನರ್ ಎಂಬ ಶ್ರೇಣಿಗೆ ಸಮಾನ. ಹೀಗಿರಲು ಸಾಲಗಾರನಾರು, ಧಣಿ ಯಾರು? ನಮ್ಮ ಕಚೇರಿಗಳಲ್ಲಿ ಪಿಟೀಲು ಕುಳಿತುದೂ ಎರವಲಿನಿಂದಲೇ. ತೊಂಬತ್ತಕ್ಕೂ ಮಿಗಿಲಾದ ಕರ್ಣಾಟಕ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಪ್ರಥಮಾಧ್ಯಕ್ಷರಾಗಿದ್ದರು. ರಷ್ಯದ ಮೆಟ್ನರ್ ಅವರು ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಈ ಮಹಾರಾಜರಿಗೆ ಅರ್ಪಿಸಿದರು. ಇದರಿಂದ ಮೈಸೂರಿನ ಸಂಗೀತವು ಕೆಡಲಿಲ್ಲ.

ಚಲಚ್ಚಿತ್ರದಲ್ಲಿಯೂ ಹಾಗೆಯೇ. 1966ರ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿಯವರಿಂದ ಹಾಡಿಸಿದ ಜಿ. ಕೆ. ವೆಂಕಟೇಶರೇ, 1968ರಲ್ಲಿ ‘ಜೇಡರ ಬಲೆ’ ಎಂಬ ಬೇಹುಗಾರಿಕೆಯ ಚಿತ್ರಕ್ಕೆ ಸಂಗೀತವನ್ನು ಕೊಟ್ಟರು. ಹ್ಯಾರಿಸನ್ ಅವರು ನಮ್ಮ ವಾದ್ಯಗಳತ್ತ ಕೈಚಾಚಿದ ವರ್ಷದಲ್ಲಿಯೇ ನಮ್ಮವರು ಅವರ ಧಾಟಿಯತ್ತ ಕೈಚಾಚಿದರು. ಒಂದನ್ನು ಕಳವೆಂದೂ ಇನ್ನೊಂದನ್ನು ಜಾಣ್ಮೆಯೆಂದೂ ಕರೆಯುವುದು ಪಕ್ಷಪಾತ.

ಹಾಗಾದರೆ ದೋಷವೇ ಇಲ್ಲವೋ? ಉಂಟು, ಮತ್ತು ಹಳೆಯದೆಂಬ ಅಭಿಮಾನದಿಂದ ಅದನ್ನು ಮುಚ್ಚಲಾಗದು. ಈ ಮುದ್ರಿಕೆಯ ‘ಸ್ವಪ್ನದೃಶ್ಯ’ವೆಂಬ ಭಾಗದಲ್ಲಿ ನಮ್ಮ ನಾಡಿನ ಕಂಠಸ್ವರವು ಕನಸಿನ ಅಸ್ಪಷ್ಟತೆಗೆ ಬಣ್ಣವಾಗಿ ಬಳಕೆಯಾಗಿದೆ. ಹಾಡುವವನಿಗೆ ಸ್ಪಷ್ಟವಾದ ಮಾತು ಅಲ್ಲಿ ಅರ್ಥವಾಗದ ಮೋಡಿಯಾಗಿ ನಿಂತಿದೆ. ನಮ್ಮ ಚಿತ್ರಗಳಲ್ಲಿಯೂ ಪಾಶ್ಚಾತ್ಯ ವಾದ್ಯವು ಬಹುಕಾಲ ಕ್ಲಬ್ಬಿಗೂ ಖಳನ ಮನೆಗೂ ಗುರುತಾಗಿತ್ತು. ಪರರ ನಾದವನ್ನು ಪರಕೀಯತೆಯ ಚಿಹ್ನೆಯಾಗಿ ಮಾತ್ರ ಬಳಸುವುದು ಉಭಯರಿಗೂ ಸಮಾನವಾದ ದೋಷ. ಎರವಲು ಪಾಪವಲ್ಲ, ತಂದುದನ್ನು ಅರಿಯದೆ ಇಡುವುದು ಕೊರತೆ. ಹ್ಯಾರಿಸನ್ ಅವರು ರವಿಶಂಕರರಲ್ಲಿ ಸಿತಾರನ್ನು ಕಲಿಯತೊಡಗಿದ್ದರು; ಇಲ್ಲಿ ವಾದನವನ್ನು ಅದನ್ನು ಬಲ್ಲವರಿಗೇ ಒಪ್ಪಿಸಿದರು. ಆ ವಿನಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈ ವಿಚಾರವು ಸಂಗೀತದಲ್ಲಿಯೇ ಮುಗಿಯತಕ್ಕದ್ದಲ್ಲ. ಪ್ರತಿಯೊಂದು ಗೃಹದಲ್ಲಿಯೂ ಹಿರಿಯರ ಕಿವಿಗೆ ಒಗ್ಗದ ಹಾಡನ್ನು ಕಿರಿಯರು ಕೇಳುತ್ತಿರುತ್ತಾರೆ. ಕೇಳದೆ ನಿಂದಿಸಿದರೆ ಹಾಡೇನೂ ನಿಲ್ಲುವುದಿಲ್ಲ, ಬಾಗಿಲು ಮುಚ್ಚಿಕೊಳ್ಳುತ್ತದೆ. ಅದರೊಡನೆ ಹಿತವಚನಕ್ಕಿದ್ದ ದಾರಿಯೂ ಮುಚ್ಚುತ್ತದೆ. ಕೇಳಿದ ಮೇಲೆ ಒಪ್ಪಲೇಬೇಕೆಂಬ ನಿರ್ಬಂಧವೂ ಇಲ್ಲ. ಪೂರ್ವಪಕ್ಷವನ್ನು ಪೂರ್ತಿಯಾಗಿ ಕೇಳಿದವನ ಖಂಡನೆಗೆ ಮಾತ್ರ ಬೆಲೆಯುಂಟು. ಆ ಚಿತ್ರದ ವೃದ್ಧ ವಿದ್ವಾಂಸನಂತೆ ಗೋಡೆಗೆ ಕಣ್ಣಿಡುವುದಕ್ಕಿಂತ, ಬಾಗಿಲಿನಿಂದ ಒಳಹೊಕ್ಕು, ಒಂದು ಗಳಿಗೆ ಜತೆಯಲ್ಲಿ ಕುಳಿತು ಕೇಳಿ, ತೋರಿದುದನ್ನು ನಿರ್ಮತ್ಸರವಾಗಿ ಹೇಳುವುದು ಹಿರಿಯತನಕ್ಕೆ ಒಪ್ಪುವ ನಡತೆ.